ಕವಲಂದೆಯ ಲೋಟ, ಓಡೆನ್ಸದ ಶೆಲ್ಫು

ಕವಲಂದೆ

ನಾನು ಡೆನ್ಮಾರ್ಕಿಗೆ ಹೋದದ್ದು ಮಕ್ಕಳ ಮೂಗು ಒರೆಸಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕೇರಿಯಲ್ಲಿ ನನ್ನ ಕೆಲಸಕ್ಕೆ ಆಗಲೇ ನಾಲ್ಕೈದು ಹೆಸರು ಹುಟ್ಟಿಕೊಂಡಿವೆ. ನಮ್ಮ ಚಿಕ್ಕಪ್ಪನ ಲೆಕ್ಕದಲ್ಲಿ ನಾನು 'ಟ್ರೈನಿಂಗ್'ಗೆ ಹೋಗಿದ್ದೇನೆ. ಪಂಚಾಯ್ತಿ ಮೆಂಬರು ನನ್ನನ್ನು ನರ್ಸ್ ಮಾಡಿದ್ದಾರೆ. ಎದುರು ಮನೆಯವರು ಎಲ್ಲರಿಗಿಂತ ಧಾರಾಳ, ನನಗೆ ಡಾಕ್ಟರ್ ಪದವಿಯನ್ನೇ ಕೊಟ್ಟು, ತಮ್ಮ ಮಂಡಿನೋವಿಗೆ ಮಾತ್ರೆ ಯಾವುದು ಕೇಳು ಎಂದು ಅವ್ವನ ಹತ್ತಿರ ಹೇಳಿ ಕಳಿಸಿದ್ದರು. ಅವ್ವ ಮಾತ್ರ ಕೇಳಿದವರಿಗೆಲ್ಲ ಮಗು ನೋಡಿಕೊಳ್ಳಲು ಹೋಗಿದ್ದಾಳೆ ಎಂದು ನೇರವಾಗಿ ಹೇಳಿ, ಅವರ ಮುಖ ಇಳಿಯುವುದನ್ನು ನೋಡಿ ಖುಷಿಪಡುತ್ತಿದ್ದಳು.

ನಾನು ಓದಿದ್ದು ಬಿ.ಎ. ಆಮೇಲೆ ಮೂರು ವರ್ಷ ಟಿ. ನರಸೀಪುರದ ಒಂದು ನರ್ಸರಿ ಶಾಲೆಯಲ್ಲಿ ಮಿಸ್ಸು. ಮಿಸ್ಸು ಅನ್ನುವುದು ಹಾಜರಿ ಪುಸ್ತಕದಲ್ಲಿ. ಮಾಡುತ್ತಿದ್ದ ಕೆಲಸ ಚಡ್ಡಿ ಬದಲಾಯಿಸುವುದು, ಡಬ್ಬಿ ತೆಗೆದುಕೊಡುವುದು, ಅಳುವವರನ್ನು ಎತ್ತಿಕೊಳ್ಳುವುದು. ಅಲ್ಲಿ ನನ್ನ ಜೊತೆಗಿದ್ದ ಒಬ್ಬಳು ಹಿಂದಿನ ವರ್ಷ ಡೆನ್ಮಾರ್ಕಿಗೆ ಹೋಗಿದ್ದಳು. ಯುರೋಪಿನಲ್ಲಿ ಇದಕ್ಕೊಂದು ಪದ್ಧತಿ ಇದೆ. ಮದುವೆಯಾಗದ, ಮೂವತ್ತರೊಳಗಿನವರು ಒಂದು ಮನೆಯಲ್ಲಿ ಹೋಗಿ ಇದ್ದುಕೊಂಡು, ಅವರ ಮಕ್ಕಳನ್ನು ನೋಡಿಕೊಂಡು, ಅವರ ಭಾಷೆ ಕಲಿತು ಬರಬಹುದು. ಒಪ್ಪಂದದ ಕಾಗದದಲ್ಲಿ ಒಂದು ಸಾಲು ಇತ್ತು: ಈಕೆ ಕೆಲಸದವಳಲ್ಲ, ಮನೆಯವರಲ್ಲಿ ಒಬ್ಬಳು.

ಆ ಸಾಲು ಓದಿ ನನಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಅವ್ವ ಹತ್ತೊಂಬತ್ತು ವರ್ಷಗಳಿಂದ ನಂಜನಗೂಡು ಪೇಟೆಯ ಒಂದು ಮನೆಯಲ್ಲಿ 'ಮನೆ ಮಗಳ ತರ' ಇದ್ದಾಳೆ. ಮನೆ ಮಗಳು ಹಿತ್ತಲ ಬಾಗಿಲಿನಿಂದ ಬರುತ್ತಾಳೆ. ಮನೆ ಮಗಳಿಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಗೋಡೆಯ ಗೂಡಿನಲ್ಲಿ, ಬೋರಲು ಹಾಕಿದ ಒಂದು ಲೋಟ ಇದೆ. ಯಜಮಾನಿ ಎತ್ತರದಿಂದ ಕಾಫಿ ಹುಯ್ಯುತ್ತಾರೆ, ಅವ್ವ ಕುಡಿದು ತೊಳೆದು ಮತ್ತೆ ಗೂಡಿಗೇ ಬೋರಲು ಹಾಕುತ್ತಾಳೆ. ಆ ಲೋಟ ಅವ್ವನೊಬ್ಬಳದೇ, ಬೇರೆ ಯಾರೂ ಮುಟ್ಟುವುದಿಲ್ಲ. ಅಷ್ಟು ಗೌರವ ಆ ಮನೆಯ ಸ್ವಂತ ಮಗಳಿಗೂ ಸಿಕ್ಕಿಲ್ಲ.

ಆ ಲೋಟ ಗೂಡಿಗೆ ಬಂದದ್ದು ನನ್ನಿಂದಲೇ. ನನಗೆ ಏಳೆಂಟು ವರ್ಷ ಇರಬೇಕು, ಬೇಸಿಗೆ ರಜೆಯಲ್ಲಿ ಅವ್ವನ ಜೊತೆ ಹೋಗಿದ್ದೆ. ಬಾಯಾರಿತು, ಅಡುಗೆಮನೆಯ ಕಟ್ಟೆಯ ಮೇಲೆ ಫಳಫಳ ಹೊಳೆಯುತ್ತಿದ್ದ ಸ್ಟೀಲ್ ಲೋಟ ಕಂಡಿತು, ನೀರು ತುಂಬಿ ಕುಡಿದೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಯಜಮಾನಿ ನಗುತ್ತಲೇ ಬಂದು, ನಾನು ಲೋಟ ಕಟ್ಟೆಯ ಮೇಲೆ ವಾಪಸು ಇಡಲು ಹೋದಾಗ ಗಾಳಿಯಲ್ಲೇ ಕೈ ಅಡ್ಡ ಹಿಡಿದು, ಇದನ್ನು ನಿಮ್ಮವ್ವನಿಗೇ ಇಟ್ಟುಬಿಡು ಕಂದ ಎಂದರು. ಅಂದಿನಿಂದ ಅವ್ವ ಅಲ್ಯೂಮಿನಿಯಂನಿಂದ ಸ್ಟೀಲಿಗೆ ಬಡ್ತಿ ಪಡೆದಳು. ನಾನು ಮನೆಗೆ ಬಂದು, ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಎರಡು ದಿನ ಓಡಾಡಿದೆನಂತೆ.

ಹೀಗಾಗಿ ಹೊರಡುವ ಮುಂಚೆ ನಾನೇ ಒಂದು ಉಪಾಯ ಮಾಡಿದೆ. ನಂಜನಗೂಡಿನ ಪಾತ್ರೆ ಅಂಗಡಿಯಲ್ಲಿ ಒಂದು ತಟ್ಟೆ, ಒಂದು ಲೋಟ ತೆಗೆದುಕೊಂಡು, ಎರಡರ ಮೇಲೂ 'ಸುಜಾತ' ಎಂದು ಹೆಸರು ಹಾಕಿಸಿದೆ. ಅವರು ನನಗೆ ಬೇರೆ ಲೋಟ ಕೊಡುವ ಮೊದಲೇ ನನ್ನ ಲೋಟ ನನ್ನ ಹತ್ತಿರ ಇದ್ದುಬಿಟ್ಟರೆ ಬೇರೆ ಮಾಡಿದವಳು ನಾನು ಎಂದಾಗುತ್ತದೆ, ಅವರಲ್ಲ. ಇದು ನನ್ನ ಬಿ.ಎ. ಬುದ್ಧಿ. ನೀನೂ ಆ ಗೂಡಿನ ಲೋಟ ಬಿಟ್ಟುಬಿಡು ಎಂದು ಅವ್ವನಿಗೆ ಹೇಳಿದೆ.

"ಆ ಮನೆ ಕಾಫಿ ಚೆನ್ನಾಗಿರ್ತದೆ ಕನ ಮಗ," ಎಂದಳು ಅವ್ವ. "ಲೋಟ ಯಾವ್ದಾದ್ರೇನು ಬುಡು."

ನನಗೆ ಸಿಟ್ಟು ಬಂದು ಬಸ್ಸು ಹತ್ತುವವರೆಗೂ ಮಾತಾಡಲಿಲ್ಲ. ಆಮೇಲೆ ವಿಮಾನದಲ್ಲಿ ಕೂತು ಅದಕ್ಕೇ ಅತ್ತೆ.

ಓಡೆನ್ಸ, ಮೊದಲ ವಾರ

ಓಡೆನ್ಸ ದೊಡ್ಡ ಊರಂತೆ. ಹಾಗೆಂದು ಅಲ್ಲಿನವರು ಹೇಳುತ್ತಾರೆ. ನಾನು ಇಳಿದ ದಿನ ಬೀದಿಯಲ್ಲಿ ಕಂಡದ್ದು ಒಂದು ನಾಯಿ, ಆ ನಾಯಿಯ ಹಿಂದೆ ಅದರ ಕಕ್ಕಸ್ಸನ್ನು ಚೀಲದಲ್ಲಿ ತುಂಬಿಕೊಳ್ಳುತ್ತಿದ್ದ ಒಬ್ಬ ಸಭ್ಯ ಮನುಷ್ಯ. ಕವಲಂದೆಯ ಸಂತೆ ದಿನ ಇವರೆಲ್ಲರನ್ನೂ ತಂದು ಬಿಟ್ಟರೆ ಎದೆ ಒಡೆದುಕೊಳ್ಳುತ್ತಾರೆ ಅನ್ನಿಸಿತು.

ಮನೆಯವರು ನಾಲ್ಕು ಜನ. ಕಾರಿನ್ ಹೈಸ್ಕೂಲು ಟೀಚರು, ಲೋಕದಲ್ಲಿ ಯಾರಿಗೂ ನೋವಾಗಬಾರದು ಎಂಬ ಜಾತಿಯ ಹೆಂಗಸು. ಗಂಡ ಲಾರ್ಸ್ ಗಾಳಿಯಂತ್ರದ ಇಂಜಿನಿಯರು, ಆರಡಿ ಎತ್ತರ, ದಿನಕ್ಕೆ ಹತ್ತು ಮಾತು. ಎಮಿಲ್‌ಗೆ ನಾಲ್ಕು ವರ್ಷ, ಫ್ರೆಯಾಗೆ ಹತ್ತು ತಿಂಗಳು. ನಾನು ಮೇಡಂ, ಸಾರ್ ಎಂದಾಗ ಇಬ್ಬರೂ ಚೇಳು ಕುಟುಕಿದವರ ಹಾಗೆ ಎಗರಿಬಿದ್ದರು. ಹೆಸರು ಹಿಡಿದು ಕರೆಯಬೇಕಂತೆ. ನಲವತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಕಡೆಗೆ ಕಾರಿನಕ್ಕ, ಲಾರ್ಸಣ್ಣ ಎಂದು ಇತ್ಯರ್ಥವಾಯಿತು. ಕಾರಿನಕ್ಕ ಇದರ ಅರ್ಥ ಕೇಳಿ ತಿಳಿದು ಕಣ್ಣು ಒದ್ದೆ ಮಾಡಿಕೊಂಡರು. ನಾನು ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ.

ಮೊದಲ ಗಂಡಾಂತರ ಮರುದಿನ ಮಧ್ಯಾಹ್ನ ಬಂತು. ನಮ್ಮಲ್ಲಿ ಹತ್ತು ತಿಂಗಳ ಕೂಸು ಅಂದರೆ ಕುಲಾವಿ, ಕಿವಿಗೆ ಹತ್ತಿ, ಬಾಗಿಲಿಗೆ ಪರದೆ, ಪರದೆಯಾಚೆ ಒಬ್ಬ ಅಜ್ಜಿ. ಇಲ್ಲಿ ಕಾರಿನಕ್ಕ ಫ್ರೆಯಾಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಗಾಡಿಯನ್ನು ತೋಟಕ್ಕೆ ತಳ್ಳಿ, ಒಳಗೆ ಬಂದು ಬಾಗಿಲು ಹಾಕಿಕೊಂಡು ಕಾಫಿಗೆ ನೀರಿಟ್ಟರು. ಹೊರಗೆ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಮಗುವನ್ನು ಮರೆತರೇನೋ ಎಂದು ನೆನಪಿಸಿದೆ. ಮಕ್ಕಳು ಹೊರಗೆ ಮಲಗಿದರೆ ಗಟ್ಟಿಯಾಗುತ್ತವೆ, ಇಲ್ಲಿ ಎಲ್ಲರೂ ಹೀಗೇ ಎಂದರು. ನಾನು ಹೊರಗೆ ಹೋಗಿ ಗಾಡಿಯ ಪಕ್ಕ ಒಂದೂವರೆ ಗಂಟೆ ಕಾವಲು ನಿಂತೆ. ಕಾರಿನಕ್ಕ ಕಿಟಕಿಯಿಂದ ನೋಡಿ, ಸುಜಾತ ಪ್ರಕೃತಿಯನ್ನು ಎಷ್ಟು ಪ್ರೀತಿಸುತ್ತಾಳೆ ಎಂದು ಗಂಡನಿಗೆ ಹೇಳಿದರಂತೆ. ಆ ವಾರ ಕೆಮ್ಮು, ನೆಗಡಿ, ಜ್ವರ ಮೂರೂ ಬಂದವು, ನನಗೆ. ಫ್ರೆಯಾ ಗುಂಡುಕಲ್ಲಿನ ಹಾಗಿದ್ದಳು.

ಊಟದ ಮೇಜು

ಇವರು ಸಂಜೆ ಆರಕ್ಕೇ ಉಣ್ಣುತ್ತಾರೆ. ಮೊದಲ ಸಂಜೆ ಮೇಜಿನ ಮೇಲೆ ಐದು ತಟ್ಟೆ ಇಟ್ಟಿದ್ದರು, ಬಿಳಿ ಪಿಂಗಾಣಿಯವು. ಅದರಲ್ಲಿ ಐದನೆಯದು ಯಾರದು ಎಂದು ನಾನು ವಿಚಾರಿಸಲಿಲ್ಲ. ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಹೋಗಿ, ನನ್ನ ಹೆಸರಿನ ತಟ್ಟೆ, ಲೋಟ ತಂದು, ಪಿಂಗಾಣಿಯನ್ನು ಪಕ್ಕಕ್ಕೆ ಸರಿಸಿ, ಠಣ್ ಎಂದು ಇಟ್ಟು ಕೂತೆ. ಲಾರ್ಸಣ್ಣ ಏನೋ ಕೇಳಲು ಬಾಯಿ ತೆರೆದರು. ಕಾರಿನಕ್ಕ ಅವರ ಮೊಣಕೈ ಮುಟ್ಟಿದರು. ಎಮಿಲ್ ಮಾತ್ರ ನನ್ನ ಲೋಟವನ್ನು ಚಮಚದಿಂದ ಬಾರಿಸಿ, ಅದರ ಸದ್ದಿಗೆ ಬೆರಗಾದ.

ಊಟ ಆದಮೇಲೆ ಎಲ್ಲರ ತಟ್ಟೆಯೂ ಪಾತ್ರೆ ತೊಳೆಯುವ ಮಿಷನ್ನಿಗೆ ಹೋಯಿತು. ನಾನು ಆ ಮಿಷನ್ನನ್ನು ಮೊದಲ ಸಲ ನೋಡಿದ್ದು. ಗಂಡನದು, ಹೆಂಡತಿಯದು, ಮಕ್ಕಳದು, ಅಂದು ಮಧ್ಯಾಹ್ನ ಬಂದಿದ್ದ ಕೊಳಾಯಿ ರಿಪೇರಿಯವನು ಕಾಫಿ ಕುಡಿದಿದ್ದ ಬಟ್ಟಲು, ಎಲ್ಲರ ಎಂಜಲೂ ಒಂದೇ ಪೆಟ್ಟಿಗೆಯೊಳಗೆ ಒಂದೇ ಬಿಸಿನೀರಿನಲ್ಲಿ ಮುಳುಗೇಳುತ್ತದೆ. ನಂಜನಗೂಡಿನ ಆ ಮನೆಗೆ ಇದನ್ನು ಉಡುಗೊರೆ ಕೊಟ್ಟರೆ ಯಜಮಾನಿಗೆ ತಲೆಸುತ್ತು ಬರುತ್ತದೆ ಎಂದು ಒಳಗೊಳಗೇ ನಕ್ಕೆ. ನಕ್ಕವಳು, ನನ್ನ ತಟ್ಟೆಯನ್ನು ಕೈಯಲ್ಲೇ ಬೇರೆ ತೊಳೆದುಕೊಂಡು ಮೇಲೆ ತೆಗೆದುಕೊಂಡು ಹೋದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

ಅಂದು ಮೇಜಿನ ಮೇಲೆ ಹಂದಿಮಾಂಸ ಇತ್ತು. ಪ್ರಯಾಣದ ಸುಸ್ತಿಗೆ ಏನೂ ಸೇರುತ್ತಿರಲಿಲ್ಲ, ಅದಕ್ಕೆ ತಿನ್ನಲಿಲ್ಲ. ಎರಡನೇ ದಿನ ಹೂಕೋಸು. ಮೂರನೇ ದಿನ ಬೇಯಿಸಿದ ಕ್ಯಾರೆಟ್ಟು. ನಾಲ್ಕನೇ ದಿನ ಬೇಯಿಸದ ಕ್ಯಾರೆಟ್ಟು. ಭಾನುವಾರ ಬಾಡಿನ ಘಮಲಿಲ್ಲದಿದ್ದರೆ ಅದು ಭಾನುವಾರವೇ ಅಲ್ಲ ಎನ್ನುವ ಕೇರಿಯಲ್ಲಿ ಬೆಳೆದವಳು ನಾನು. ಮೂರು ವಾರವಾದರೂ ಈ ಮನೆಯಲ್ಲಿ ಒಂದು ಮೂಳೆ ಕಾಣಲಿಲ್ಲ. ಪಾಪ, ಇವರು ಸೊಪ್ಪು ತಿನ್ನುವ ಜನ, ಮೊದಲ ದಿನದ ಮಾಂಸ ನನ್ನ ಸಲುವಾಗಿ ಮಾಡಿದ್ದಿರಬೇಕು ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ನಾಲಿಗೆ ಕೆಟ್ಟು ಕೆರ ಹಿಡಿದುಹೋಯಿತು.

ಬಚ್ಚಲುಮನೆಯ ಬುದ್ಧ

ಕೆಳಗಿನ ಬಚ್ಚಲುಮನೆಯಲ್ಲಿ, ಕಮೋಡಿನ ಮೇಲಿನ ಹಲಗೆಯಲ್ಲಿ, ಸೋಪಿಗೂ ಕಾಗದದ ಸುರುಳಿಗೂ ನಡುವೆ ಬುದ್ಧನ ತಲೆ ಇತ್ತು. ಬರೀ ತಲೆ. ಶಾಂತವಾಗಿ ಕಣ್ಣು ಮುಚ್ಚಿಕೊಂಡಿದ್ದ. ಆ ಜಾಗದಲ್ಲಿ ಬೇರೆ ಏನು ತಾನೆ ಮಾಡಿಯಾನು.

ನಮ್ಮ ಮನೆಯಲ್ಲಿ ಬುದ್ಧ ನಡುಮನೆಯ ಗೋಡೆಯ ಮೇಲಿದ್ದಾನೆ. ಅವನ ಮುಂದೆ ಕೂತು ನಾನು ಮಗ್ಗಿ ಕಲಿತದ್ದು. ಎರಡು ದಿನ ಸಹಿಸಿದೆ, ಮೂರನೇ ದಿನ ಆ ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತಂದು ನನ್ನ ಕೋಣೆಯ ಕಿಟಕಿಯಲ್ಲಿಟ್ಟೆ. ಯಾರೂ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಹೊಸ್ತಿಲ ಹತ್ತಿರ ಇನ್ನೊಂದು ಬುದ್ಧ ಕೂತಿದ್ದ. ತೋಟದಲ್ಲಿ ಹೂಕುಂಡಗಳ ನಡುವೆ ಇದ್ದವನು, ಪಾಚಿ ತೊಳೆಸಿಕೊಂಡು ಬಂದಿದ್ದ. ಪಕ್ಕದಲ್ಲಿ ಒಂದು ಮೇಣದ ಬತ್ತಿ. ಈ ಮನೆಯಲ್ಲಿ ಪ್ರಶ್ನೆ ಕೇಳುವುದು ಮಹಾಪಾಪ ಎಂದು ನನಗೆ ಆಗಲೇ ಅರ್ಥವಾಗಬೇಕಿತ್ತು. ನಮ್ಮೂರಲ್ಲಾದರೆ ಬಸ್ಸಿನಲ್ಲಿ ಪಕ್ಕ ಕೂತವರು ನಂಜನಗೂಡು ಬರುವಷ್ಟರಲ್ಲಿ ಯಾವ ಊರು, ಯಾರ ಮಗಳು, ಯಾವ ಜನ, ಮದುವೆ ಯಾಕಾಗಿಲ್ಲ ಎಂದು ಎಲ್ಲವನ್ನೂ ಬಗೆದು ತೆಗೆದಿರುತ್ತಾರೆ. ಇವರು ತಿಂಗಳಾದರೂ ಒಂದನ್ನೂ ಕೇಳದೆ, ತಾವೇ ಉತ್ತರ ಬರೆದುಕೊಳ್ಳುತ್ತಿದ್ದರು.

ಕಪಾಟಿನ ಎಡಗಡೆ

ಒಂದು ತಿಂಗಳು ತುಂಬಿದ ಭಾನುವಾರ ಮಧ್ಯಾಹ್ನ ಮನೆಯವರೆಲ್ಲರ ಮೀಟಿಂಗು. ಕೇಕು, ಕಾಫಿ, ಹಗಲಲ್ಲೇ ಹಚ್ಚಿದ ಮೇಣದ ಬತ್ತಿ. ನನ್ನನ್ನು ಕಣ್ಣು ಮುಚ್ಚಿಸಿ ಅಡುಗೆಮನೆಗೆ ಕರೆದುಕೊಂಡು ಹೋದರು. ಕಣ್ಣು ಬಿಟ್ಟರೆ, ಎಡಗಡೆ ಗೋಡೆಗೆ ಒಂದು ಹೊಸ ಶೆಲ್ಫು. ಲಾರ್ಸಣ್ಣ ತಮ್ಮ ಕೈಯಾರೆ ಮರ ಕೊಯ್ದು ಮಾಡಿದ್ದು. ಅದರಲ್ಲಿ ಎರಡು ಹೊಸ ತಟ್ಟೆ, ಎರಡು ಬಟ್ಟಲು, ಒಂದು ಬಾಣಲೆ, ಒಂದು ಚಾಕು, ಪಾತ್ರೆ ಉಜ್ಜಲು ಹಸಿರು ಬಣ್ಣದ ಬೇರೆ ಸ್ಪಂಜು. ಮೇಲೆ ಎಮಿಲ್ ನನ್ನ ಲೋಟದ ಕನ್ನಡ ಅಕ್ಷರ ನೋಡಿಕೊಂಡು ಬಣ್ಣದ ಪೆನ್ಸಿಲಿನಲ್ಲಿ ಬರೆದ ನನ್ನ ಹೆಸರು, ಅದರ ಪಕ್ಕ ಒಂದು ಆನೆ.

ಕಾರಿನಕ್ಕ ಕೈ ಜೋಡಿಸಿಕೊಂಡು ಮಾತಾಡಿದರು. ನಾವು ಸಾಕಷ್ಟು ಓದಿದೆವು ಸುಜಾತ. ನಮ್ಮ ಶಾಲೆಯಲ್ಲಿ ಇಂಡಿಯಾ ನೋಡಿ ಬಂದವರೊಬ್ಬರಿದ್ದಾರೆ, ಅವರನ್ನೂ ಕೇಳಿದೆ. ನಿಮ್ಮಲ್ಲಿ ಮೇಲಿನ ಮನೆತನದವರು ಬೇರೆಯವರು ಉಂಡ ತಟ್ಟೆಯಲ್ಲಿ ಉಣ್ಣುವುದಿಲ್ಲವಂತೆ, ಮಾಂಸದ ಪಾತ್ರೆ ಮುಟ್ಟುವುದಿಲ್ಲವಂತೆ. ನಮಗೆ ಮೊದಲೇ ಹೊಳೆಯಲಿಲ್ಲ, ಕ್ಷಮಿಸು. ನೀನು ನಮ್ಮ ಮನೆಯವಳು. ಇಲ್ಲಿ ನಿನ್ನ ಮಡಿಯನ್ನು ಬಿಡಬೇಕಾಗಿಲ್ಲ. ಮಡಿ ಅನ್ನುವುದಕ್ಕೆ ಅವರು ಬಳಸಿದ ಇಂಗ್ಲಿಷ್ ಮಾತು ಇನ್ನೂ ಉದ್ದ ಇತ್ತು, ನಾನು ಮೊಟಕು ಮಾಡಿದ್ದೇನೆ.

ನನ್ನ ಅಜ್ಜಿ, ಮುತ್ತಜ್ಜಿಯರೆಲ್ಲ ಹಿತ್ತಲಿನ ಗೂಡಿನ ಲೋಟದಲ್ಲಿ ಕುಡಿದು ಹೋದವರು. ಅವರ ಮೊಮ್ಮಗಳಿಗೆ ಓಡೆನ್ಸದಲ್ಲಿ ಒಂದು ತಟ್ಟೆ, ಎರಡು ಬುದ್ಧ, ಇಪ್ಪತ್ತು ಕೆ.ಜಿ. ಕ್ಯಾರೆಟ್ಟಿನ ಬಲದಿಂದ ಕುಲೋನ್ನತಿಯಾಗಿತ್ತು. ನಗು ಬಂತು. ನಗುವಿನ ಹಿಂದೆಯೇ ಇನ್ನೊಂದು ಹೊಳೆಯಿತು. ಎಲ್ಲಿ ಹೋದರೂ ಗೂಡು ನನಗಾಗಿ ಕಾದಿರುತ್ತದೆ, ಮೇಲೆ ಹತ್ತಿಸಿದರೂ ಅದೇ, ಕೆಳಗೆ ಇಳಿಸಿದರೂ ಅದೇ. ಅದಕ್ಕಿಂತ ಹೆಚ್ಚಿನ ಅವಮಾನ ಅಂದರೆ, ಈ ಗೂಡನ್ನು ತೋಡಿದವಳು ನಾನೇ. ಥ್ಯಾಂಕ್ಸ್ ಎಂದೆ. ಕೇಕು ತಿಂದೆ. ನನ್ನ ಹೊಸ ತಟ್ಟೆಯಲ್ಲೇ ಕೊಟ್ಟರು.

ಮರುದಿನ ಊಟಕ್ಕೆ ಕೂತಾಗ ಎಮಿಲ್ ರೂಢಿಯಂತೆ ನನ್ನ ಸ್ಟೀಲ್ ಲೋಟಕ್ಕೆ ಕೈ ಚಾಚಿದ. ಕಾರಿನಕ್ಕ ನಗುತ್ತಲೇ ಗಾಳಿಯಲ್ಲಿ ಕೈ ಅಡ್ಡ ಹಿಡಿದು, ಬೇಡ ಎಮಿಲ್, ಅದು ಸುಜಾತಳದು ಎಂದರು. ಹುಡುಗ ನನ್ನ ಮುಖ ನೋಡಿದ, ಲೋಟ ನೋಡಿದ, ಎರಡೂ ಕೈಯನ್ನು ನಿಧಾನವಾಗಿ ಬೆನ್ನ ಹಿಂದೆ ಇಟ್ಟುಕೊಂಡ.

ಅದರ ಮಾರನೆಯ ದಿನ ಫ್ರೆಯಾ ತೋಟದಲ್ಲಿ ಮಲಗಿದ್ದ ಹೊತ್ತಿನಲ್ಲಿ ಅವ್ವ ವಿಡಿಯೋ ಕಾಲ್ ಮಾಡಿದಳು. ನಾನು ಅಡುಗೆಮನೆಯಲ್ಲಿದ್ದೆ. ಹಿಂದೆ ಇದ್ದ ಶೆಲ್ಫು, ಅದರ ಮೇಲೆ ನನ್ನ ಹೆಸರು ಅವಳ ಕಣ್ಣಿಗೆ ಬಿತ್ತು. ಅವ್ವ ಓದಿದ್ದು ಮೂರನೇ ಕ್ಲಾಸು, ಈ ವಿದ್ಯೆ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತು.

"ಅಲ್ಲೂವಾ?" ಎಂದಳು.

ಇಲ್ಲ ಅವ್ವ, ಇಲ್ಲಿ ಉಲ್ಟಾ ಎಂದು ಎಲ್ಲವನ್ನೂ ಹೇಳಿದೆ. ಅವ್ವ ನಕ್ಕಳು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕಳು. ಕ್ಯಾರೆಟ್ಟಿನ ಸಮಾಚಾರವನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು. ಎಮಿಲ್ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದನ್ನು ಹೇಳಿದಾಗ ಅವಳ ನಗು ನಿಂತಿತು.

"ಆ ಮಗೀಗ್ ಅಂಗ್ ಮಾಡ್ಬಾರ್ದಿತ್ತು ಕನವ್ವ. ಅದುಕ್ ಏನ್ ಗೊತ್ತು. ನೀನ್ ಬಾಯ್ ಬುಟ್ಟು ಏಳ್ಬುಡು ಅವ್ರ್ಗೆ."

"ನೀನ್ ಹೇಳಿದ್ಯಾ ಹತ್ತೊಂಬತ್ತು ವರ್ಷದಲ್ಲಿ?" ಎಂದುಬಿಟ್ಟೆ.

ಫೋನು ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ.

ಸಾಸೇಜ್ ಗಾಡಿ

ಶನಿವಾರ ನನಗೆ ರಜೆ. ಬೆಳಿಗ್ಗೆ ಭಾಷೆಯ ಕ್ಲಾಸು. ಗಂಟಲಲ್ಲಿ ಬಿಸಿ ಆಲೂಗೆಡ್ಡೆ ಇಟ್ಟುಕೊಂಡು ಮಾತಾಡಿದಂತಿರುವ ಭಾಷೆ ಅದು, ಬರೆಯುವ ಅಕ್ಷರಗಳಲ್ಲಿ ಅರ್ಧವನ್ನು ನುಂಗಿಬಿಡುತ್ತಾರೆ. ಅವ್ವ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಕ್ಲಾಸು ಮುಗಿಸಿ ರೈಲ್ವೆ ಸ್ಟೇಷನ್ ಹತ್ತಿರ ಬರುವಾಗ ಗಾಳಿಯಲ್ಲಿ ಸುಟ್ಟ ಮಾಂಸದ ವಾಸನೆ ಬಂತು. ನಮ್ಮಲ್ಲಿ ಗೋಬಿ ಗಾಡಿ ಇರುವ ಹಾಗೆ ಅಲ್ಲಿ ಸಾಸೇಜ್ ಗಾಡಿ. ಕಾಲು ತಾನಾಗಿ ಹೋಯಿತು. ಕೆಂಪಗೆ, ಉದ್ದಕ್ಕಿದ್ದ ಎರಡು ಸಾಸೇಜು, ಮೇಲೆ ಹುರಿದ ಈರುಳ್ಳಿ. ಒಂದನ್ನು ಅರ್ಧ ಕಚ್ಚಿ, ಕಣ್ಣು ಮುಚ್ಚಿ, ಅದರ ಸುಖದಲ್ಲಿ ಪಕ್ಕಕ್ಕೆ ತಿರುಗಿದೆ.

ಗಾಡಿಯ ಆ ತುದಿಯಲ್ಲಿ ಲಾರ್ಸಣ್ಣ ನಿಂತಿದ್ದರು. ಮೀಸೆಯ ಮೇಲೆ ಹಳದಿ ಸಾಸಿವೆ ಗೊಜ್ಜು.

ಇಬ್ಬರೂ ಕಳ್ಳರು, ಯಾರೂ ಓಡುವ ಹಾಗಿಲ್ಲ. ಮೊದಲು ಬಾಯಿ ಬಿಟ್ಟವರು ಅವರು. ದಯವಿಟ್ಟು ಕಾರಿನ್‌ಗೆ ಹೇಳಬೇಡ ಎಂದರು. ನಿನಗೆ ನೋವಾಗಬಾರದು ಎಂದು ಮನೆಯಲ್ಲಿ ಮಾಂಸ ನಿಲ್ಲಿಸಿದ್ದೇವೆ, ಪ್ರತಿ ಶನಿವಾರ ಇಲ್ಲಿಗೆ ಬರುತ್ತೇನೆ, ಎಮಿಲ್‌ಗೂ ವಾರಕ್ಕೊಂದು ಕಾರಿನಲ್ಲಿ ತಿನ್ನಿಸುತ್ತೇನೆ ಎಂದು ಒಪ್ಪಿಕೊಂಡರು. ಆಮೇಲೆ ಅವರ ಕಣ್ಣು ನನ್ನ ಕೈಗೆ ಬಿತ್ತು. ಅವರು ಇಂಜಿನಿಯರು, ಲೆಕ್ಕ ತಪ್ಪಿದ್ದು ತಕ್ಷಣ ತಿಳಿಯಿತು.

ಅಲ್ಲೇ ನಿಂತು ಇನ್ನೆರಡು ತಿಂದೆವು. ತಿನ್ನುತ್ತಾ ಹೇಳಿದೆ. ಗೂಡು, ಲೋಟ, ಎತ್ತರದಿಂದ ಬೀಳುವ ಕಾಫಿ, ಅವ್ವ. ನಾನು ಮೇಲಿನವಳಲ್ಲ, ನಮ್ಮೂರ ಲೆಕ್ಕದಲ್ಲಿ ಬೇರೆ ಲೋಟ ಇಡಿಸಿಕೊಂಡವರ ಮನೆಯವಳು. ನೀವು ಬೇರೆ ಮಾಡುತ್ತೀರಿ ಎಂದು ಹೆದರಿ ನಾನೇ ಬೇರೆ ಮಾಡಿಕೊಂಡೆ. ಇಂಗ್ಲಿಷಿನಲ್ಲಿ ಇದನ್ನೆಲ್ಲ ಹೇಳಲು ಎಷ್ಟು ಕಷ್ಟವೋ, ಕನ್ನಡದಲ್ಲಿ ಅದಕ್ಕಿಂತ ಕಷ್ಟ, ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಲಾರ್ಸಣ್ಣ ಮೀಸೆ ಒರೆಸಿಕೊಂಡರು. ಆ ಶೆಲ್ಫಿಗೆ ಎರಡು ದಿನ ಉಪ್ಪುಕಾಗದ ಹಾಕಿ ಉಜ್ಜಿದ್ದೆ ಎಂದರು. ಅವರ ಮುಖ ನೋಡಲಾಗಲಿಲ್ಲ ನನಗೆ.

ಸಂಜೆ ಆರು ಗಂಟೆ

ಅಂದು ಸಂಜೆ ಮೇಜಿಗೆ ನಾನೇ ತಟ್ಟೆ ಹಾಕಿದೆ. ಶೆಲ್ಫಿನದು, ಕಪಾಟಿನದು, ನನ್ನ ಸ್ಟೀಲಿನದು ಎಲ್ಲ ಕಲಸಿ, ನನ್ನ ಹೆಸರಿನ ತಟ್ಟೆಯನ್ನು ಕಾರಿನಕ್ಕನ ಮುಂದೆ, ಲೋಟವನ್ನು ಎಮಿಲ್ ಮುಂದೆ ಇಟ್ಟೆ. ಎಮಿಲ್ ಅಮ್ಮನ ಮುಖ ನೋಡಿದ, ಕೈ ಬೆನ್ನ ಹಿಂದೆಯೇ ಇತ್ತು. ನಾನು ಅದರಲ್ಲಿ ಹಾಲು ಹುಯ್ದು, ಒಂದು ಗುಟುಕು ನಾನು ಕುಡಿದು, ಅವನ ಕೈಗೆ ಕೊಟ್ಟೆ. ಆಮೇಲೆ ಹೇಳಿದೆ.

ಕಾರಿನಕ್ಕ ಅತ್ತರು. ಅವರು ಅಳುತ್ತಾರೆ ಎಂದು ಗೊತ್ತಿತ್ತು, ಕರವಸ್ತ್ರ ಹತ್ತಿರವೇ ಇಟ್ಟಿದ್ದೆ. ಅತ್ತು ಮುಗಿಸಿ, ನನ್ನ ಶಾಲೆಯ ಮಕ್ಕಳಿಗೆ ನೀನು ಬಂದು ಇದರ ಬಗ್ಗೆ ಭಾಷಣ ಮಾಡಬೇಕು ಎಂದರು. ಭಾಷಣ ಆಮೇಲೆ, ಮೊದಲು ನಾಳೆ ಹಂದಿ ಮಾಡಿ ಅಕ್ಕ ಎಂದೆ. ಲಾರ್ಸಣ್ಣ ಆ ದಿನ ಹನ್ನೊಂದನೇ ಮಾತಾಡಿದರು, ಒಂದು ತಿಂಗಳಿಂದ ಫ್ರೀಜರಿನ ತಳದಲ್ಲಿದೆ, ಈಗಲೇ ತೆಗೆಯುತ್ತೇನೆ ಎಂದು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗೂಡಿನಿಂದ ಇಳಿಸಿದವರು ನನ್ನನ್ನು ತಲೆಯ ಮೇಲೆ ಕೂರಿಸಿಕೊಂಡರು. ಮೊದಲ ತುತ್ತು ನನಗೆ, ಒಳ್ಳೆಯ ತುಂಡು ನನಗೆ, ನಾನು ಕೆಮ್ಮಿದರೆ ಕಾರಿನಕ್ಕ ಕ್ಷಮೆ ಕೇಳುತ್ತಿದ್ದರು. ಒಂದು ದಿನ ಅವರ ಉಣ್ಣೆಯ ಸ್ವೆಟರನ್ನು ನಾನು ಬಿಸಿನೀರಿನಲ್ಲಿ ಒಗೆಯಲು ಹಾಕಿದೆ, ಅದು ಫ್ರೆಯಾಗೆ ಸರಿಹೋಗುವಷ್ಟು ಚಿಕ್ಕದಾಯಿತು. ಕಾರಿನಕ್ಕ ಅದನ್ನು ಎತ್ತಿ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು, ನಿನಗೆ ಬುದ್ಧಿ ಇದೆಯಾ, ಓದಲು ಬರುವುದಿಲ್ಲವಾ, ಅದರ ಮೇಲೆ ಬರೆದಿಲ್ಲವಾ ಎಂದು ಬೈದರು. ಅವರು ಬೈದು ಮುಗಿಸುವವರೆಗೂ ನಾನು ತಲೆ ತಗ್ಗಿಸಿ ನಿಂತಿದ್ದೆ. ಮನಸ್ಸಿಗೆ ಎಷ್ಟು ಹಾಯೆನಿಸಿತು ಅಂದರೆ, ಆ ಸಂಜೆ ಎರಡು ತಟ್ಟೆ ಉಂಡೆ.

ಮತ್ತೆ ಕವಲಂದೆ, ಫೋನಿನಲ್ಲಿ

ಅವ್ವ ಹನ್ನೆರಡು ದಿನ ಫೋನು ಎತ್ತಲಿಲ್ಲ. ಹದಿಮೂರನೇ ದಿನ ಅವಳೇ ಮಾಡಿದಳು. ಹಿತ್ತಲಲ್ಲಿ ಕೂತಿದ್ದಳು, ಹಿಂದೆ ಕೋಳಿಗಳು ಓಡಾಡುತ್ತಿದ್ದವು. ಏನೂ ಆಗದವಳ ಹಾಗೆ ಊಟ ಆಯ್ತಾ ಎಂದು ಕೇಳಿದಳು. ಇಲ್ಲಿನದೆಲ್ಲ ಹೇಳಿದೆ, ಎಲ್ಲ ತಟ್ಟೆಯೂ ಈಗ ಒಂದೇ ಕಪಾಟಿನಲ್ಲಿದೆ ಎಂದೆ. ಬುದ್ಧ ಎಲ್ಲಿ ಎಂದಳು. ಒಬ್ಬ ನಡುಮನೆಯಲ್ಲಿ, ಇನ್ನೊಬ್ಬ ತೋಟದಲ್ಲಿ ಫ್ರೆಯಾಳ ಗಾಡಿಯ ಪಕ್ಕ, ಈಗ ಅವನೇ ಕಾವಲು ಎಂದೆ. ಅವ್ವನಿಗೆ ಸಮಾಧಾನವಾಯಿತು.

ಆಮೇಲೆ ತನ್ನದನ್ನು ಹೇಳಿದಳು. ನಾನು ಆ ಮಾತು ಅಂದ ಮರುದಿನವೇ ಕೆಲಸ ಮುಗಿಸಿ ಬರುವಾಗ ಗೂಡಿನ ಲೋಟವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದ್ದಳಂತೆ. ಮಾರನೆಯ ದಿನ ಯಜಮಾನಿ ಕಾಫಿ ತಂದು, ಗೂಡು ನೋಡಿ, ಲೋಟ ಎಲ್ಲಿ ಎಂದರಂತೆ. ಮನೆಗೆ ತೆಗೆದುಕೊಂಡು ಹೋದೆ ಅಕ್ಕ, ಕೊಟ್ಟರೆ ನೀವು ಕುಡಿಯುವುದರಲ್ಲೇ ಕೊಡಿ ಎಂದಳಂತೆ ಅವ್ವ.

"ಕೊಟ್ರಾ ಅವ್ವ?" ಎಂದೆ.

"ಮೂರ್ ದಿನ ಕಾಫಿನೇ ಇಲ್ಲ. ನಾಕ್ನೇ ದಿನ ಪೇಪರ್ ಲೋಟ ತರ್ಸಿದ್ರು. ಒಂದ್ ಕಟ್ಟು."

ಕುಡಿದೆಯಾ ಎಂದು ಕೇಳಲು ಬಾಯಿ ಬರಲಿಲ್ಲ. ಅವ್ವನೇ ಹೇಳಿದಳು.

"ನೀವೂ ಇದ್ರಲ್ಲೇ ಕುಡೀತೀರಾ ಅಕ್ಕ ಅಂದೆ. ಮಾತ್ ಆಡ್ನಿಲ್ಲ. ಅಲ್ಲೇ ಕಟ್ಟೆ ಮ್ಯಾಲ್ ಮಡ್ಗಿ, ಕಸ ಗುಡ್ಸಿ ಬಂದೆ."

"ಕೆಲಸ?"

"ಕೆಲ್ಸ ಅವ್ರ್ಗ್ ಬೇಕು ಕನ ಮಗ, ಬುಡ್ಸಕಿಲ್ಲ. ಕಾಫಿ ನಮ್ಮನೇಲೇ ಕುಡ್ಕಂಡ್ ಓಯ್ತೀನಿ."

ಆ ಮನೆ ಕಾಫಿ ಚೆನ್ನಾಗಿರುತ್ತದೆ ಎಂದಿದ್ದೆಯಲ್ಲ ಎಂದು ಛೇಡಿಸಿದೆ. ಅದು ಬರೀ ಚಿಕೋರಿ ಎಂದು ಮುಖ ಸಿಂಡರಿಸಿದಳು. ನನಗೆ ಅಳು ಬಂದಿತ್ತು, ಅವಳಿಗೆ ಕಾಣಬಾರದೆಂದು ಫೋನನ್ನು ಕಿಟಕಿಯ ಕಡೆ ತಿರುಗಿಸಿದೆ. ಆ ಲೋಟ ಏನು ಮಾಡಿದೆ, ಎಸೆದೆಯಾ ಎಂದು ಕೇಳಿದೆ. ಅವ್ವ ಫೋನನ್ನು ಕೆಳಗೆ, ಗೋಡೆಯ ಬುಡದ ಕಡೆಗೆ ಹಿಡಿದಳು. ಅಷ್ಟು ವರ್ಷ ಬೋರಲು ಬಿದ್ದಿದ್ದ ಲೋಟ ಮಣ್ಣಿನಲ್ಲಿ ಅರ್ಧ ಹೂತು, ಬಾಯಿ ಮೇಲಾಗಿ, ತುಂಬ ನೀರಿಟ್ಟುಕೊಂಡು ಕೂತಿತ್ತು. ಹುಂಜ, ಹೇಂಟೆ, ಐದಾರು ಮರಿ, ಪಕ್ಕದ ಮನೆಯವರ ಒಂದು ಕುಂಟು ಕೋಳಿ, ಎಲ್ಲವೂ ಸುತ್ತ ನಿಂತು ಅದರಲ್ಲೇ ನೀರು ಕುಡಿಯುತ್ತಿದ್ದವು.